ಅಂಗಳದಲ್ಲಿ ನಿಂತಿದ್ದ ಬಿಳಿ ಕಾರು

ಊರಿನ ಅರ್ಧ ಕಾರುಗಳಲ್ಲಿ ಕೂತು ಎದ್ದವನು, ಸ್ವಂತಕ್ಕೆ ಒಂದು ಕಾರೂ ಇಲ್ಲದವನು. ಅಂಥವನೊಬ್ಬನ ಸಂಗತಿ ಇದು. ಗ್ಯಾರೇಜುಗಳ ಬೀದಿಯಲ್ಲಿ, ಟೈರಿನಂಗಡಿಗೂ ಬಣ್ಣ ಹೊಡೆಯುವ ಶೆಡ್ಡಿಗೂ ನಡುವೆ ಅವನದೊಂದು ಕುಶನ್ ಅಂಗಡಿ. ಕಾರಾಗಲಿ ಲಾರಿಯಾಗಲಿ, ಸೀಟು ಹರಿಯಿತು, ಸ್ಪಂಜು ಕುಸಿಯಿತು, ಹೊಲಿಗೆ ಬಿಟ್ಟಿತು ಎಂದರೆ ಅಲ್ಲಿಗೇ ಬರಬೇಕು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಬೀದಿ ಅದನ್ನು ಯಾವಾಗಲೋ ಮರೆತು ಸೀಟಣ್ಣ ಎಂದು ಕರೆಯತೊಡಗಿತು. ಅಣ್ಣನ ಹೆಂಡತಿ ಅತ್ತಿಗೆಯಾಗದೆ ಇನ್ನೇನಾದಾಳು? ಅವಳೂ ಇಡೀ ಬೀದಿಗೆ ಅತ್ತಿಗೆಯಾದಳು.

ಅಂಗಡಿಯಲ್ಲಿ ಇಬ್ಬರದೂ ದುಡಿಮೆ. ರೆಕ್ಸಿನ್ ಕತ್ತರಿಸುವುದು ಅವಳು, ಹೊಲಿಯುವುದು ಅವನು. ಕತ್ತರಿಸಲು ಅವಳು ಕೂರುತ್ತಿದ್ದದ್ದು ಹಳೆಯ ಬಸ್ಸೊಂದರಿಂದ ಕಿತ್ತು ತಂದ ಉದ್ದ ಸೀಟಿನ ಮೇಲೆ. ನಾರು, ಹತ್ತಿ ತುಂಬಿದ ಆ ಕಾಲದ ಸೀಟು. ಮದುವೆಯಾದ ವರ್ಷದಿಂದ ಕೂತೂ ಕೂತೂ ಅದರ ಒಂದು ಮೂಲೆಯಲ್ಲಿ ಅವಳದೇ ಅಳತೆಯ ತಗ್ಗು ಬಿದ್ದಿತ್ತು. ಗಿರಾಕಿಗಳು ತಿಳಿಯದೆ ಅಲ್ಲಿ ಕೂತರೆ ಒಂದು ಕಡೆಗೆ ವಾಲಿಬಿಡುತ್ತಿದ್ದರು.

"ಅದು ನಮ್ಮಕ್ಕನ ಸಿಂಹಾಸನ ಸಾರ್. ಬೇರೆಯವರನ್ನ ಕೂರಿಸ್ಕೊಳಲ್ಲ, ಬೀಳಿಸುತ್ತೆ," ಎಂದು ಪಕ್ಕದ ಶೆಡ್ಡಿನ ಪೇಂಟರ್ ನಗುತ್ತಿದ್ದ. ಈ ಪೇಂಟರ್ ಅತ್ತಿಗೆಯ ಒಡಹುಟ್ಟಿದ ತಮ್ಮ. ಗಡ್ಡದ ತುಂಬ ಯಾವಾಗಲೂ ಒಂದಲ್ಲ ಒಂದು ಕಾರಿನ ಬಣ್ಣ, ಬಾಯಿ ತೆರೆದರೆ ತಮಾಷೆ.

ಸೀಟಣ್ಣನಿಗೆ ಮಕ್ಕಳಾಗಲಿಲ್ಲ. ಆ ದುಃಖ ಒಂದಷ್ಟು ವರ್ಷ ಮನೆ ತುಂಬ ಓಡಾಡಿ, ಆಮೇಲೆ ತಾನೇ ಒಂದು ಮೂಲೆ ಹಿಡಿದು ಸುಮ್ಮನಾಯಿತು. ಸಂಜೆ ಅಂಗಡಿ ಮುಚ್ಚಿ, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಹೆಗಲ ಮೇಲೆ ಅವಳ ಕೈಯ ಭಾರ ಹೊತ್ತು ಮನೆಗೆ ಹೋಗುವುದೇ ಅವನ ಪಾಲಿನ ಭಾಗ್ಯ. ಅದಕ್ಕಿಂತ ಹೆಚ್ಚಿನದನ್ನು ಅವನು ಯಾರನ್ನೂ ಕೇಳಿದವನಲ್ಲ.

ಕಾಯಿಲೆ ಕಳ್ಳ ಹೆಜ್ಜೆಯಲ್ಲಿ ಬಂತು. ಮೊದಲು ಅವಳ ಎಡಗಾಲಿನ ಚಪ್ಪಲಿ ಸುಮ್ಮಸುಮ್ಮನೆ ಕಳಚಿಕೊಳ್ಳತೊಡಗಿತು. "ಚಪ್ಪಲಿ ಹಳೇದಾಯ್ತು ಬಿಡಿ," ಎಂದಳು. ಹೊಸ ಚಪ್ಪಲಿಯೂ ಕಳಚಿತು. ಆಮೇಲೊಂದು ದಿನ ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು; ಅದುವರೆಗೆ ಅವಳ ಕೈಯಿಂದ ಕತ್ತರಿ ಬಿದ್ದದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಡಾಕ್ಟರು ಸುತ್ತಿಗೆಯಿಂದ ಮಂಡಿ ತಟ್ಟಿದರು, ಸೂಜಿ ಚುಚ್ಚಿದರು. ನರಗಳು ಸೋಲುತ್ತ ಹೋಗುವ ಕಾಯಿಲೆ, ಕಾಲಿನಿಂದ ಮೇಲಕ್ಕೆ ಹತ್ತುತ್ತದೆ, ಹತ್ತಿದ್ದು ಇಳಿಯುವುದಿಲ್ಲ ಎಂದರು. ಕೈಗೆ ಕೋಲು ಬಂತು. ಸ್ಕೂಟರಿನ ಹಿಂದಿನ ಸೀಟು ಖಾಲಿಯಾಯಿತು.

ಒಂದು ಸಲ ಬಾಡಿಗೆ ಕಾರಿನಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದಾಗ ದಾರಿಯಲ್ಲಿ ವಾಹನಗಳ ಸಾಲು ನಿಂತೇ ಬಿಟ್ಟಿತು. ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಸೀಟು ಒದ್ದೆಯಾಯಿತು. ಡ್ರೈವರ್ ಬೀದಿಯ ನಡುವೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದ. ಸೀಟಣ್ಣ ಆ ಕಾರನ್ನು ಅಂಗಡಿಗೇ ತರಿಸಿ, ಸೀಟು ಬಿಚ್ಚಿ, ಒಳಗಿನ ಸ್ಪಂಜಿನವರೆಗೂ ಹೊಸದು ಹಾಕಿ ಹೊಲಿದುಕೊಟ್ಟ. ಡ್ರೈವರ್ ಕೊನೆಗೆ ನಾಚಿಕೊಂಡು, "ಅವತ್ತು ಏನೋ ಬಿಸಿಯಲ್ಲಿ ಅಂದೆ ಅಣ್ಣಾ," ಎಂದ. ಅವನು ಸರಿಹೋದ. ಅತ್ತಿಗೆ ಸರಿಹೋಗಲಿಲ್ಲ.

"ಇನ್ನು ಇನ್ನೊಬ್ಬರ ಸೀಟಿನ ಮೇಲೆ ನಾನು ಕೂರಲ್ಲ ರೀ," ಎಂದುಬಿಟ್ಟಳು. "ಕೂರೋದಾದ್ರೆ ನಮ್ಮದೇ ಸೀಟು. ಇಲ್ಲದಿದ್ರೆ ಮನೆ."

ಆದರೆ ಅವಳಿಗೆ ಒಂದು ಕಡೆ ಹೋಗಲೇಬೇಕಿತ್ತು. ಗುಡ್ಡಗಳ ಆಚೆ, ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುವ ಊರಿನಲ್ಲಿ ಅವಳ ದೊಡ್ಡಕ್ಕ ಇದ್ದಳು. ತಾಯಿ ಬೇಗ ಹೋದ ಮನೆಯಲ್ಲಿ ಇವಳನ್ನೂ ಪೇಂಟರನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಆ ಸೊಂಟವೇ ಮುರಿದು, ಮನೆಯ ಹೊಸ್ತಿಲಿಗೂ ಗೋಡೆ ಹಿಡಿದು ಬರುವ ಸ್ಥಿತಿ. ಬಸ್ಸು ಹತ್ತುವ ಮಾತೇ ಇಲ್ಲ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಕೊನೆಗೆ ಇವಳು ಪ್ರತಿಸಲ ಒಂದೇ ಮಾತು ಹೇಳುತ್ತಿದ್ದಳು: "ಬರ್ತೀನಿ ದೊಡ್ಡಕ್ಕ. ಒಂದು ಸಲ ಬಂದು ನಿನ್ನ ಪಕ್ಕ ಕೂರ್ತೀನಿ."

ಹಾಗಾಗಿ ಅಂಗಡಿಯ ಹಿಂದಿನ ಖಾಲಿ ಜಾಗ ಮಾರಾಟವಾಗಿ ಟೈರಿನಂಗಡಿಯವನ ಪಾಲಾಯಿತು, ಸೀಟಣ್ಣ ಜೀವಮಾನದಲ್ಲಿ ಮೊದಲ ಸಲ ಕಾರು ಕೊಳ್ಳಲು ಹೊರಟ.

ಯಾವ ಕಂಪನಿ ಎಂಬುದರಲ್ಲಿ ಗೊಂದಲವಿರಲಿಲ್ಲ. ಒಂದು ಕಂಪನಿಯ ಸೀಟುಗಳನ್ನು ಬಿಚ್ಚಿದಾಗಲೆಲ್ಲ ಅವನು ಒಳಗಿನ ಹೊಲಿಗೆ ನೋಡಿ, "ಕಾಣದ ಜಾಗದಲ್ಲೂ ನೆಟ್ಟಗೆ ಹೊಲಿದಿದ್ದಾನೆ ಮಾರಾಯ," ಎಂದು ಮೆಚ್ಚಿಕೊಳ್ಳುತ್ತಿದ್ದ. ಆ ಕಂಪನಿಯೇ ಆಗಬೇಕು. ಅವರು ಆಗಷ್ಟೇ ಹೊಸ ಸೆಡಾನುಗಳನ್ನೂ ಹೊಸ ವ್ಯಾನುಗಳನ್ನೂ ಬಿಟ್ಟಿದ್ದರು. ಗೊಂದಲ ಇದ್ದದ್ದು ಅಲ್ಲಿ.

ಅತ್ತಿಗೆಗೆ ಬೇಕಾದದ್ದು ಸೆಡಾನು. ಅವಳ ಮಾತಿನಲ್ಲಿ ಅದು ಡಿಕ್ಕಿ ಕಾರು.

"ಮದುವೆ ದಿನ ನಾವು ಹತ್ತಿದ್ದೂ ಡಿಕ್ಕಿ ಕಾರೇ. ಅದೂ ಯಾರದೋ. ಈಗ ನಮ್ಮದು ಅಂತ ಒಂದು ಬರಲಿ," ಎಂದಳು.

ಸೀಟಣ್ಣನಿಗೆ ಬೇಕಾದದ್ದು ವ್ಯಾನು. ಯಾಕೆ ಎಂಬುದನ್ನು ಅವನು ಹೇಳುವಂತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಡಾಕ್ಟರು ಅವನೊಬ್ಬನನ್ನೇ ಪಡಸಾಲೆಗೆ ಕರೆದು, "ಇದು ನಿಧಾನದ ಕಾಯಿಲೆ. ಮುಂದೆ ಗಾಲಿಕುರ್ಚಿ ಬೇಕಾಗುತ್ತೆ. ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಇರ್ತಾರೆ," ಎಂದಿದ್ದರು. ಗಾಲಿಕುರ್ಚಿ ಎಂಬ ಮಾತನ್ನು ಅವನು ಹೆಂಡತಿಗೆ ಹೇಳಲಾರದೆ ನುಂಗಿಕೊಂಡ. ವರ್ಷಗಟ್ಟಲೆ ಎಂಬ ಮಾತನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ವರ್ಷಗಟ್ಟಲೆ ಇರುವವಳಿಗೆ ವರ್ಷಗಟ್ಟಲೆ ಒದಗುವ ಗಾಡಿ ಬೇಕು. ಬಾಗಿಲು ಅಗಲ ಇರಬೇಕು, ಕುರ್ಚಿ ಸಮೇತ ಒಳಗೆ ಹೋಗಬೇಕು.

"ವ್ಯಾನಾದ್ರೆ ಅಂಗಡಿ ಫೋಮ್ ಶೀಟು ಹಾಕ್ಕೊಂಡು ಬರೋಕೆ ಆಗುತ್ತೆ," ಎಂದು ಸುಳ್ಳು ಹೇಳಿದ.

"ಫೋಮಿಗೆ ಟೆಂಪೋ ಇದೆಯಲ್ಲ. ನಿಮಗೆ ಹೆಂಡತಿ ಮುಖ್ಯಾನೋ ಫೋಮ್ ಮುಖ್ಯಾನೋ?"

"ಫೋಮ್ ಎದುರು ಮಾತಾಡಲ್ಲ ಕಣಕ್ಕ," ಎಂದು ಪೇಂಟರ್ ನಡುವೆ ಬಾಯಿ ಹಾಕಿದ. ಮೂವರೂ ನಕ್ಕರು. ಆ ನಗುವಿನಲ್ಲಿ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಷೋರೂಮಿಗೆ ಹೋದದ್ದು ಪೇಂಟರ್ ತಂದ ಗಿರಾಕಿಯ ಕಾರಿನಲ್ಲಿ. ಮೂರು ಬಾಗಿಲು ನೀಲಿ, ನಾಲ್ಕನೆಯದು ಇನ್ನೂ ಬಣ್ಣ ಕಾಣದ ಬೂದಿ. ಊರೊಳಗೆ ಒಂದು ಸುತ್ತು ಸರಿ. ಗುಡ್ಡದಾಚೆಗೆ ಅದನ್ನು ಒಯ್ದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಅತ್ತಿಗೆ ಮನೆಯಿಂದ ತನ್ನದೇ ದಿಂಬು, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ತಂದು ಹಾಸಿಕೊಂಡು ಕೂತಿದ್ದಳು. ಷೋರೂಮಿನ ಕಾವಲುಗಾರ ಆ ಕಾರನ್ನು ನೋಡಿ, "ಸರ್ವೀಸ್ ಹಿಂದುಗಡೆ," ಎಂದ.

"ಸರ್ವೀಸಿಗಲ್ಲಪ್ಪಾ, ಸಂಬಂಧ ನೋಡೋಕೆ ಬಂದಿದ್ದೀವಿ," ಎಂದ ಪೇಂಟರ್.

ಒಳಗೆ ನೆಲ ಕನ್ನಡಿಯ ಹಾಗಿತ್ತು. ಕೋಲು ಜಾರೀತೆಂದು ಸೀಟಣ್ಣ ಒಂದು ಕಡೆ, ಪೇಂಟರ್ ಒಂದು ಕಡೆ ಹಿಡಿದುಕೊಂಡರು. ತೋರಿಸಲು ಬಂದವಳು ಸಣ್ಣ ವಯಸ್ಸಿನ ಹುಡುಗಿ, ಮಾತು ಮೃದು. ಮೈಲೇಜು, ಗಾಳಿಚೀಲ, ಹಿಂದಕ್ಕೆ ತೆಗೆಯುವಾಗ ತೋರುವ ಕ್ಯಾಮೆರಾ, ಒಂದೊಂದನ್ನೂ ತಾಳ್ಮೆಯಿಂದ ಹೇಳಿದಳು. ಸೀಟಣ್ಣನ ಕಿವಿ ಅಲ್ಲಿರಲಿಲ್ಲ. ಅವನು ಪ್ರತಿ ಗಾಡಿಯ ಹಿಂದಿನ ಬಾಗಿಲು ತೆಗೆದು, ಸೀಟಿನ ಅಂಚಿಗೆ ಬೆರಳು ತೂರಿಸಿ, ಅಂಗೈ ಊರಿ ಒತ್ತಿ, ಸ್ಪಂಜು ಎಷ್ಟು ಹೊತ್ತಿಗೆ ಮೇಲೇಳುತ್ತದೆಂದು ನೋಡುತ್ತಿದ್ದ.

ಚಿಕ್ಕ ಸೆಡಾನಿನ ಹಿಂದಿನ ಸೀಟು ತೀರ ತಗ್ಗು. ಕೂತರೆ ಮಂಡಿ ಎದೆಯ ಹತ್ತಿರ ಬರುತ್ತದೆ. ದೊಡ್ಡ ಸೆಡಾನಿನಲ್ಲಿ ತೊಡೆಗೆ ಆಸರೆ ಚೆನ್ನಾಗಿತ್ತು, ಆದರೆ ಚಾವಣಿ ಹಿಂದಕ್ಕೆ ಇಳಿಜಾರು, ತಲೆ ಬಗ್ಗಿಸಿಯೇ ಹೋಗಬೇಕು. ಚಿಕ್ಕ ವ್ಯಾನಿನ ನಡುಸಾಲು ಉದ್ದನೆಯ ಬೆಂಚು, ಒರಗಿದರೆ ಬೆನ್ನಿಗೆ ಹಲಗೆ. ದೊಡ್ಡ ವ್ಯಾನು ಬೇರೆಯೇ ಲೋಕ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ನೆಲ ಸಪಾಟು. ನಡುವೆ ಬಿಡಿಬಿಡಿ ಎರಡು ಸೀಟು, ಬಿಚ್ಚಿ ತೆಗೆಯಬಹುದು, ತಿರುಗಿಸಿ ಎದುರುಬದುರು ಮಾಡಬಹುದು. ಸೀಟಣ್ಣ ಅಲ್ಲಿ ಕೂತು ಕಣ್ಣು ಮುಚ್ಚಿದ. ಒಂದು ಸೀಟು ತೆಗೆದು ಆ ಜಾಗಕ್ಕೆ ಗಾಲಿಕುರ್ಚಿ. ಇನ್ನೊಂದರ ಮೇಲೆ ತಾನೇ ಅವಳಿಗೆಂದು ಹೊಲಿದ ಮೆತ್ತೆ. ವರ್ಷಗಟ್ಟಲೆಯ ದಾರಿಗಳು ಮುಚ್ಚಿದ ಕಣ್ಣಿನೊಳಗೆ ಹಾದುಹೋದವು.

ಕಣ್ಣು ತೆರೆದಾಗ ಅತ್ತಿಗೆ ದೊಡ್ಡ ಸೆಡಾನಿನೊಳಗೆ ಕೂತಿದ್ದಳು. ಬೆನ್ನು ಮಾಡಿ ಸೀಟಿನ ಅಂಚಿಗೆ ಕುಕ್ಕರಿಸಿ, ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಂಡು, ತಾನೇ ಕೂತಿದ್ದಳು. ಮುಖದಲ್ಲಿ ಪರೀಕ್ಷೆ ಪಾಸಾದವಳ ಹೆಮ್ಮೆ.

"ನೋಡ್ರೀ, ಯಾರೂ ಹಿಡೀಲಿಲ್ಲ!"

"ಎದ್ದೇಳು ನೋಡೋಣ," ಎಂದ ಸೀಟಣ್ಣ.

ಏಳಲಾಗಲಿಲ್ಲ. ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಎತ್ತಬೇಕಾಯಿತು. ವ್ಯಾನಿನ ಕಡೆ ಹೋದರೆ ಅದು ಇನ್ನೊಂದು ಪಾಡು. ಮೆಟ್ಟಿಲು ಎತ್ತರ. ಎಡಗಾಲು ನೆಲ ಬಿಟ್ಟು ಏಳಲೇ ಇಲ್ಲ. ಸೀಟಣ್ಣ ಅಷ್ಟು ಹೊತ್ತು ಸೀಟು ನೋಡಿದ್ದ, ಬೆನ್ನು ನೋಡಿದ್ದ, ಮೆಟ್ಟಿಲು ನೋಡಿರಲಿಲ್ಲ. ಅವನ ಅಂಗಡಿಗೆ ಬರುವ ಗಾಡಿಗಳ ಬಾಗಿಲು ಸದಾ ತೆರೆದೇ ಇರುತ್ತಿತ್ತು, ಎಷ್ಟೋ ಸಲ ಸೀಟೇ ಬಿಚ್ಚಿ ಹೊರಗಿರುತ್ತಿತ್ತು. ಗಾಡಿಯೊಳಗೆ ಹತ್ತುವುದೂ ಒಂದು ಕೆಲಸ ಎಂಬುದು ಅವನ ತಲೆಗೆ ಎಂದೂ ಬಂದಿರಲಿಲ್ಲ.

"ಹಲಗೆ ಮಾಡಿಸ್ತೀನಿ ಬಿಡು," ಎಂದ. "ಜಾರುಬಂಡೆ ಥರ."

ಅತ್ತಿಗೆ ಹುಡುಗಿಯತ್ತ ತಿರುಗಿದಳು. "ಏನಮ್ಮಾ, ಆ ಡಿಕ್ಕಿ ಕಾರು ತಗೊಂಡ್ರೆ ಯಾವಾಗ ಕೊಡ್ತೀರಿ?"

"ಬಿಳಿ ಬಣ್ಣದ್ದಾದ್ರೆ ಈಗಲೇ ಇದೆ ಅಮ್ಮಾ. ಅಲ್ಲಿ, ಹಿಂದಿನ ಅಂಗಳದಲ್ಲಿ ನಿಂತಿದೆಯಲ್ಲ, ಅದೇ."

"ಈ ವ್ಯಾನು?"

"ಇದಕ್ಕೆ ಬುಕ್ ಮಾಡಿ ಕಾಯಬೇಕು. ಸಾಲು ಇದೆ. ಚಳಿಗಾಲ ಮುಗಿಯೋಷ್ಟರಲ್ಲಿ ಬರಬಹುದು."

ಅತ್ತಿಗೆ ಗಾಜಿನ ಗೋಡೆಯಾಚೆ ಬಿಸಿಲಿನಲ್ಲಿ ನಿಂತಿದ್ದ ಬಿಳಿ ಕಾರನ್ನು ಬಹಳ ಹೊತ್ತು ನೋಡಿದಳು. "ಅದನ್ನೇ ತಗೊಳ್ಳೋಣ ರೀ," ಎಂದಳು. ದನಿಯಲ್ಲಿ ಎಂದೂ ಇಲ್ಲದ ಬೇಡಿಕೆ ಇತ್ತು. "ನನಗೆ ಅದೇ ಇಷ್ಟ."

ಸೀಟಣ್ಣ ಆ ದನಿಯನ್ನು ಕೇಳಿಸಿಕೊಂಡ. ಕೇಳಿಸಿಕೊಂಡು, ಮದುವೆಯ ದಿನದ ಆಸೆ ಎಂದುಕೊಂಡ, ಹಠ ಎಂದುಕೊಂಡ. "ಹುಚ್ಚಿ, ಹತ್ತಿದ ಮೇಲೆ ಇಳಿಯೋದು ಬೇಡ್ವಾ? ಮುಂದಿನದನ್ನ ಯೋಚನೆ ಮಾಡಬೇಕು. ಇವತ್ತಿಗೆ ಮಾತ್ರ ತಗೊಳ್ತೀವಾ? ವರ್ಷಗಟ್ಟಲೆ ಇರಬೇಕಾದ ಗಾಡಿ," ಎಂದ.

ಆ ಮಾತು ಹೇಳುವಾಗ ಅವನ ಮುಖ ಬೆಳಗುತ್ತಿತ್ತು. ಅವಳು ಆ ಮುಖವನ್ನು ನೋಡಿದಳು. "ಸರಿ, ನಿಮ್ಮಿಷ್ಟ," ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ವ್ಯಾನು ಬುಕ್ಕಾಯಿತು. ಕಾಯುವ ದಿನಗಳಲ್ಲಿ ಸೀಟಣ್ಣ ಸುಮ್ಮನೆ ಕೂರಲಿಲ್ಲ. ಕಂಪನಿಯ ಸೀಟು ಎಷ್ಟೇ ಚೆನ್ನಾಗಿರಲಿ, ಅದು ಎಲ್ಲರಿಗೂ ಹೊಲಿದದ್ದು. ಅವಳಿಗೆಂದೇ ಒಂದು ಸೀಟು ಕಟ್ಟಬೇಕು. ಅಳತೆ? ಅಳತೆ ಅಂಗಡಿಯಲ್ಲೇ ಇತ್ತಲ್ಲ! ಬಸ್ಸಿನ ಹಳೆಯ ಸೀಟಿನ ಮೂಲೆಯ ತಗ್ಗಿಗಿಂತ ಸರಿಯಾದ ಅಳತೆ ಇನ್ನೆಲ್ಲಿ ಸಿಗಬೇಕು? ರೆಕ್ಸಿನ್ ಕೊಯ್ದ. ಗಟ್ಟಿಯಾಗಿ ಅಂಟಿಕೊಂಡಿದ್ದ ನಾರು, ಹತ್ತಿಯನ್ನು ಆಕಾರ ಕೆಡದಂತೆ ಇಡಿಯಾಗಿ ಎತ್ತಿ, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದ, ಎಲ್ಲೆಲ್ಲಿ ಎಷ್ಟು ಆಳ ಎಂದು ಕಡ್ಡಿ ಚುಚ್ಚಿ ನೋಡಿಕೊಂಡ. ಯಾವ ಗಿರಾಕಿಗೂ ಹಾಕದ ಮೇಲ್ದರ್ಜೆಯ ಫೋಮು ತರಿಸಿ, ಆ ತಗ್ಗಿಗೆ ತಕ್ಕಂತೆ ಪದರ ಪದರವಾಗಿ ಕೆತ್ತಿದ.

ಅಷ್ಟರಲ್ಲಿ ಒಂದು ಲಾರಿ ಬಂತು. ಡ್ರೈವರ್ ಸೀಟಿನ ತಳ ಕುಸಿದಿತ್ತು, ಲೋಡು ಹೊರಡಲು ನಿಂತಿತ್ತು, ಅವಸರವೋ ಅವಸರ. ಸೀಟಣ್ಣ ಕೈಗೆ ಸಿಕ್ಕ ಆ ಹಳೆಯ ನಾರಿನ ಮುದ್ದೆಯನ್ನೇ ತಳಕ್ಕೆ ತುರುಕಿ, ಮೇಲೆ ಸ್ಪಂಜು ಹಾಕಿ ಹೊಲಿದು ಕಳಿಸಿದ. ಕುಶನ್ ಅಂಗಡಿಗಳಲ್ಲಿ ಇದು ದಿನದ ರೂಢಿ. ಒಂದು ಗಾಡಿಯ ಹೊಟ್ಟೆಯಿಂದ ಬಂದದ್ದು ಇನ್ನೊಂದು ಗಾಡಿಯ ಹೊಟ್ಟೆಗೆ.

ಸಂಜೆ ಹೆಂಡತಿಗೆ ಹೇಳಿದಾಗ ಅವಳು ಹಾಸಿಗೆಯಲ್ಲೇ ನಕ್ಕುಬಿಟ್ಟಳು. ಆ ಹೊತ್ತಿಗೆ ಅವಳ ನಗುವೂ ಸಣ್ಣದಾಗಿತ್ತು.

"ಅಲ್ರೀ, ನಾನು ಅಷ್ಟು ವರ್ಷ ಕೂತು ಮಾಡಿದ ತಗ್ಗು! ಈಗ ಯಾವನೋ ಲಾರಿ ಡ್ರೈವರ್ ನನ್ನ ಮೇಲೆ ಕೂತ್ಕೊಂಡು ಊರೂರು ಸುತ್ತುತಾನೆ. ಪರವಾಗಿಲ್ಲ ಬಿಡಿ. ನಾನಂತೂ ಎಲ್ಲೂ ಹೋಗಲಿಲ್ಲ, ಅದಾದ್ರೂ ಹೋಗಲಿ."

ಅವನೂ ನಕ್ಕ. ಎಲ್ಲೂ ಹೋಗಲಿಲ್ಲ ಎಂಬ ಮಾತು ಮಾತ್ರ ಎಲ್ಲೋ ಚುಚ್ಚಿ, ಆಮೇಲೆ ಮರೆತುಹೋಯಿತು.

ಚಳಿಗಾಲ ಮುಗಿಯಿತು. ವ್ಯಾನು ಬರಲಿಲ್ಲ. ಷೋರೂಮಿನ ಹುಡುಗಿ ಫೋನಿನಲ್ಲಿ, "ಕಾರ್ಖಾನೆಯಿಂದಲೇ ಬಂದಿಲ್ಲ ಅಂಕಲ್," ಎಂದು ಪಾಪ ತಾನೇ ತಪ್ಪು ಮಾಡಿದವಳ ಹಾಗೆ ಹೇಳುತ್ತಿದ್ದಳು. ಇತ್ತ ಕಾಯಿಲೆ ಡಾಕ್ಟರ ಮಾತು ಕೇಳಲಿಲ್ಲ. ಅತ್ತಿಗೆಯ ಕೋಲು ಬಾಗಿಲ ಹಿಂದೆ ಸೇರಿತು. ಗಾಲಿಕುರ್ಚಿ ಮನೆಗೆ ಬಂದೇ ಬಂತು. ಅಷ್ಟು ದಿನ ಅವನು ಬಚ್ಚಿಟ್ಟಿದ್ದ ಮಾತು ಚಕ್ರ ಕಟ್ಟಿಕೊಂಡು ನಡುಮನೆಯಲ್ಲಿ ನಿಂತಿತು. ಅವಳು ಅದನ್ನು ನೋಡಿ ಬೆಚ್ಚಲಿಲ್ಲ, ಅಳಲಿಲ್ಲ. "ಇದರ ಸೀಟು ಯಾರು ಹೊಲಿದದ್ದೋ, ಒಂಚೂರೂ ನೇರ ಇಲ್ಲ," ಎಂದಳು ಅಷ್ಟೆ. ಒಂದು ದಿನ ಮಾತ್ರ, ಅವನು ಅನ್ನ ತಿನ್ನಿಸುತ್ತಿದ್ದಾಗ ಮುಖ ತಿರುಗಿಸಿ ತುತ್ತು ತಡೆದು, "ಆ ಬಿಳಿ ಕಾರು ಯಾರಾದ್ರೂ ತಗೊಂಡ್ರಾ?" ಎಂದು ಕೇಳಿದಳು.

"ಯಾವತ್ತೋ ಹೋಯ್ತಂತೆ. ಯಾಕೆ?"

"ಸುಮ್ಮನೆ."

ಬೇಸಿಗೆಯ ಮೊದಲಲ್ಲಿ ವ್ಯಾನು ಬಂತು. ಸೀಟಣ್ಣ ಅದನ್ನು ನೇರ ಅಂಗಡಿಗೆ ಒಯ್ದು, ಕಂಪನಿಯ ಒಂದು ಸೀಟು ಬಿಚ್ಚಿ ತನ್ನ ಸೀಟು ಕೂರಿಸಿ, ಮನೆಯ ಮುಂದೆ ತಂದು ನಿಲ್ಲಿಸಿದ. ಎರಡು ಹಲಗೆ ಹಾಕಿ, ಪೇಂಟರ್ ಹಿಂದಿನಿಂದ ತಳ್ಳಿ, ಗಾಲಿಕುರ್ಚಿಯನ್ನು ಒಳಗೆ ಹತ್ತಿಸಿದರು. ಅವಳನ್ನು ಎತ್ತಿ ಹೊಸ ಸೀಟಿನಲ್ಲಿಟ್ಟರು.

ಅವಳು ಅದರೊಳಗೆ ಮುಳುಗಿಹೋದಳು. ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ. ಇತ್ತ ಸರಿಸಿದರೆ ಅತ್ತ ವಾಲಿದಳು, ಅತ್ತ ಸರಿಸಿದರೆ ಇತ್ತ. ತಗ್ಗಿನ ಅಂಚಿಗೂ ಅವಳ ಸೊಂಟಕ್ಕೂ ನಡುವೆ ಒಂದು ದಿಂಬು ಹಿಡಿಸುವಷ್ಟು ಜಾಗ. ಅಷ್ಟು ವರ್ಷ ಕಣ್ಣಳತೆಯಲ್ಲೇ ಜನರ ಗಾತ್ರ ಹೇಳುತ್ತಿದ್ದವನು, ದಿನಾ ಎತ್ತಿ ಮಲಗಿಸುತ್ತಿದ್ದ ಹೆಂಡತಿ ಎಷ್ಟು ಕರಗಿದ್ದಾಳೆಂದು ನೋಡಿರಲಿಲ್ಲ. ಅವನು ಸೀಟು ಕಟ್ಟಿದ್ದು ಕತ್ತರಿ ಹಿಡಿದು ಕೂತಿದ್ದ ಹಳೆಯ ಅತ್ತಿಗೆಗೆ.

"ಯಾರ್ರೀ ಈ ಸೀಟಿನೋಳು? ಒಳ್ಳೇ ದಪ್ಪಗಿದ್ದಾಳೆ," ಎಂದಳು ಅವಳು.

ಪೇಂಟರ್ ನಗಲು ಹೋಗಿ ನಗಲಾರದೆ, ಹಲಗೆ ತೆಗೆಯುವ ನೆಪದಲ್ಲಿ ಕೆಳಗಿಳಿದ. ಸೀಟಣ್ಣ ಅವಳ ಮುಂದೆ ವ್ಯಾನಿನ ನೆಲದ ಮೇಲೆ ಕುಸಿದು ಕೂತ.

"ಇಷ್ಟು ಬೇಗ ಅಂತ ಡಾಕ್ಟರ್ ಹೇಳಿರಲಿಲ್ಲ ಕಣೇ," ಎಂದ. "ವರ್ಷಗಟ್ಟಲೆ ಅಂದಿದ್ರು."

"ನಿಮಗೆ ಹಾಗಂದ್ರು. ಆಮೇಲಿನ ಸಲ ನೀವು ಔಷಧಿ ಅಂಗಡಿಗೆ ಹೋಗಿದ್ರಲ್ಲ, ಆಗ ನಾನೇ ಕೇಳ್ದೆ. ಅಂದುಕೊಂಡಿದ್ದಕ್ಕಿಂತ ಜೋರಾಗಿ ಹತ್ತುತಾ ಇದೆ, ಎಲ್ಲಿಗಾದ್ರೂ ಹೋಗೋದಿದ್ರೆ ಚಳಿಗಾಲದೊಳಗೆ ಹೋಗ್ಬನ್ನಿ ಅಂದ್ರು."

ಸೀಟಣ್ಣನಿಗೆ ಗಾಜಿನ ಗೋಡೆಯಾಚೆಯ ಬಿಸಿಲು ನೆನಪಾಯಿತು. "ಅದಕ್ಕೇ ಆ ಕಾರು..."

"ಅದು ಅಂಗಳದಲ್ಲೇ ಇತ್ತಲ್ರೀ. ಮಾರನೇ ದಿನ ಹೊರಡಬಹುದಿತ್ತು. ಹತ್ತೋಕೆ ನನಗೆ ಆಗ್ತಿತ್ತು. ಇಳಿಸೋಕೆ ನೀವಿಬ್ಬರು ಇದ್ರಿ. ದೊಡ್ಡಕ್ಕನ ಹೊಸ್ತಿಲು ದಾಟಿ ನನ್ನ ಕಾಲಲ್ಲೇ ಒಳಗೆ ಹೋಗ್ತಿದ್ದೆ."

"ಬಾಯಿ ಬಿಟ್ಟು ಹೇಳಬಾರದಿತ್ತಾ? ಒಂದು ಮಾತು?"

"ಹೇಗೆ ಹೇಳಲಿ?" ಎಂದಳು. ಕೈ ಎತ್ತಲಾಗದೆ ಕಣ್ಣಿನಿಂದಲೇ ಅವನ ತಲೆ ಸವರಿದಳು. "ವರ್ಷಗಟ್ಟಲೆ ಅಂತಿದ್ರಿ. ಆ ಮಾತು ಆಡುವಾಗ ನಿಮ್ಮ ಮುಖ ಹೇಗಿತ್ತು ಗೊತ್ತಾ? ಅದನ್ನ ನಿಮ್ಮ ಬಾಯಿಂದ ಹೇಗೆ ಕಿತ್ಕೊಳ್ಳಲಿ?"

ಅವನು ಅವಳ ಮಂಡಿಗೆ ಹಣೆ ಹಚ್ಚಿ ಅತ್ತ. ಅವಳೇ, "ಅಳ್ತಾ ಕೂತ್ರೆ ಸೀಟು ಚಿಕ್ಕದಾಗಲ್ಲ. ಬಿಚ್ಚಿ ಅದನ್ನ," ಎಂದಳು.

ಅವಳನ್ನು ವ್ಯಾನಿನೊಳಗೆ ಹಾಸಿಗೆ ಹಾಕಿ ಮಲಗಿಸಿಯೇ ಅಂಗಡಿಗೆ ಒಯ್ದರು. ಸರಿಯುವ ಬಾಗಿಲು ತೆರೆದಿಟ್ಟು, ಅಂಗಡಿಯ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಬಹಳ ದಿನದ ಮೇಲೆ ಅತ್ತಿಗೆ ತನ್ನ ಅಂಗಡಿ ನೋಡಿದಳು. ಬೀದಿಯವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋದರು. ಸೀಟಣ್ಣ ಮೆತ್ತೆ ಬಿಚ್ಚಿ, ಅಂಚಿಗೆ ಫೋಮು ತುಂಬಿ, ಎರಡೂ ಪಕ್ಕ ಗೋಡೆಯ ಹಾಗೆ ಎತ್ತರಿಸಿದ. ರೆಕ್ಸಿನ್ ಕತ್ತರಿಸುವಾಗ ಕತ್ತರಿ ಗೆರೆ ಬಿಟ್ಟು ಓಡಿತು. ಮಲಗಿದ್ದಲ್ಲಿಂದಲೇ ಅವಳು ಹೇಳಿಕೊಟ್ಟಳು.

"ಒಳಗಡೆಗೆ ಒಂದು ಬೆರಳು ಬಿಟ್ಟು ಕತ್ತರಿಸಿ. ಅಷ್ಟಲ್ಲ, ಇನ್ನೂ. ಅಯ್ಯೋ, ಮದುವೆಯಾದಾಗಿನಿಂದ ನೋಡ್ತಿದ್ದೀರಲ್ರೀ, ಇನ್ನೂ ಕತ್ತರಿ ಹಿಡಿಯೋದು ಕಲೀಲಿಲ್ವಲ್ಲ!"

ಎರಡನೆಯ ಸಲ ಕೂರಿಸಿದಾಗ ಸೀಟು ಅವಳನ್ನು ಎತ್ತಿಕೊಂಡ ಹಾಗಿತ್ತು. ವಾಲಲಿಲ್ಲ.

ಬೆಳಕು ಹರಿಯುತ್ತಲೇ ಹೊರಟರು. ಸೀಟಣ್ಣ ಓಡಿಸಿದ, ಪೇಂಟರ್ ಅಕ್ಕನ ಪಕ್ಕ ಕೂತು, ತಿರುವು ಬಂದಾಗಲೆಲ್ಲ ಅವಳ ಹಣೆಗೆ ಅಂಗೈ ಕೊಟ್ಟು ಹಿಡಿದ. ದಾರಿಯುದ್ದಕ್ಕೂ ಎದುರಾದ ಕಾರುಗಳಲ್ಲಿ ಯಾವುದಕ್ಕೆ ಎಲ್ಲೆಲ್ಲಿ ಬಣ್ಣ ತೇಪೆ ಹಾಕಿದೆ ಎಂದು ಹೇಳಿ ನಗಿಸಿದ. ಅವಳಿಗೆ ಬೇಕೆಂದಾಗ ನಿಲ್ಲಿಸಿದರು. ಯಾರೂ ಬೈಯಲಿಲ್ಲ. ಸೀಟು ತಮ್ಮದೇ ಆಗಿತ್ತು.

ದೊಡ್ಡಕ್ಕನ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಇಳಿಸೋಣವೆಂದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಮನೆಯ ಮೆಟ್ಟಿಲು ಕಡಿದು, ಬಾಗಿಲು ಕಿರಿದು. ಸೀಟಣ್ಣ ಕೈಚೆಲ್ಲಿ ನಿಂತ. ಅಷ್ಟರಲ್ಲಿ ದೊಡ್ಡಕ್ಕ ಗೋಡೆ ಹಿಡಿದು ಹೊರಗೆ ಬಂದಳು. ತೆರೆದ ಬಾಗಿಲಿನೊಳಗೆ ಕೂತಿದ್ದವಳನ್ನು ನೋಡಿದಳು. ಒಂದು ಗಳಿಗೆ ಗುರುತು ಸಿಗದವಳ ಹಾಗೆ ನಿಂತಳು.

"ಇಳೀಬೇಡ, ಕೂತಿರು," ಎಂದಳು ಆಮೇಲೆ. "ನಾನೇ ಬರ್ತೀನಿ."

ಪೇಂಟರ್ ಹಲಗೆ ಹಾಕಿ, ದೊಡ್ಡಕ್ಕನನ್ನು ಬೆನ್ನ ಹಿಂದಿನಿಂದ ತಬ್ಬಿ ಹತ್ತಿಸಿದ. "ಚಿಕ್ಕವನಿದ್ದಾಗ ನನ್ನನ್ನ ಹೊತ್ತಿದ್ದೆಯಲ್ಲ, ತಗೋ, ತೀರಿಸ್ತಾ ಇದ್ದೀನಿ," ಎಂದ.

"ನಿನ್ನನ್ನ ಹೊತ್ತಾಗ ನಾನು ಇಷ್ಟು ಏದುಸಿರು ಬಿಟ್ಟಿರಲಿಲ್ಲ," ಎಂದಳು ದೊಡ್ಡಕ್ಕ.

ಇನ್ನೊಂದು ಸೀಟನ್ನು ಸೀಟಣ್ಣ ಎದುರಿಗೆ ತಿರುಗಿಸಿಕೊಟ್ಟ. ಗಂಡಸರಿಬ್ಬರೂ ಜಗಲಿಯ ಮೇಲೆ ಕೂತರು. ಮನೆಯೊಳಗೆ ದೀಪ ಹಾಕುವವರೂ ಇರಲಿಲ್ಲ. ಅಕ್ಕತಂಗಿಯರು ವ್ಯಾನಿನಲ್ಲಿ ಮಂಡಿಗೆ ಮಂಡಿ ತಗುಲಿಸಿಕೊಂಡು ಕೂತಿದ್ದರು. ಏನು ಮಾತಾಡಿದರೋ ಸೀಟಣ್ಣನಿಗೆ ಕೇಳಿಸಲಿಲ್ಲ. ಒಂದು ಸಲ ಇಬ್ಬರೂ ನಕ್ಕದ್ದು ಕೇಳಿಸಿತು. ಹೊಸ್ತಿಲು ದಾಟಿ ಒಳಗೆ ಹೋಗುವುದು ಅವಳಿಗೆ ಕೊನೆಗೂ ಸಿಗಲಿಲ್ಲ. ಪಕ್ಕ ಕೂರುತ್ತೇನೆ ಎಂದಿದ್ದಳು, ಎದುರು ಕೂತಳು.

ಮಳೆ ಶುರುವಾಗುವ ಮೊದಲು ಅತ್ತಿಗೆ ಹೋದಳು.

ಅಂಗಡಿ ಮತ್ತೆ ತೆರೆಯಿತು. ಕತ್ತರಿಸುವುದೂ ಹೊಲಿಯುವುದೂ ಈಗ ಅವನೇ. ಬಸ್ಸಿನ ಹಳೆಯ ಸೀಟು ಹೊಟ್ಟೆ ಬಗೆದ ಹಾಗೆ ಗೋಡೆಗೊರಗಿ ನಿಂತಿತ್ತು. ಒಂದು ಮಧ್ಯಾಹ್ನ ಅದರ ಮೇಲೆ ಕಣ್ಣು ಬಿದ್ದು ಸೀಟಣ್ಣ ಕೈಲಿದ್ದ ಕತ್ತರಿ ಕೆಳಗಿಟ್ಟ. ಅಷ್ಟು ವರ್ಷ ಕೂತು ಅವಳು ಮಾಡಿಟ್ಟಿದ್ದ ಗುರುತು ಅದೊಂದೇ. ಅದನ್ನು ತಾನೇ ಕಿತ್ತು ಯಾವುದೋ ಲಾರಿಗೆ ತುರುಕಿದ್ದ. ಯಾವ ಲಾರಿ? ನಂಬರಿಲ್ಲ, ಊರಿಲ್ಲ. ಡ್ರೈವರಿನ ಮುಖವೂ ನೆನಪಿಗೆ ಬರಲೊಲ್ಲದು.

"ಭಾವ, ಒಬ್ಬರಿಗೆ ಇಷ್ಟು ದೊಡ್ಡ ವ್ಯಾನು ಯಾಕೆ? ಕೊಟ್ಟುಬಿಡಿ," ಎಂದು ಪೇಂಟರ್ ಒಮ್ಮೆ ಅಂದ. ತಮಾಷೆ ಬಿಟ್ಟು ಮಾತಾಡುವುದನ್ನು ಅವನೂ ಕಲಿತಿದ್ದ.

ಸೀಟಣ್ಣ ಕೊಡಲಿಲ್ಲ. ಆಗೊಮ್ಮೆ ಈಗೊಮ್ಮೆ ಗುಡ್ಡ ದಾಟಿ ದೊಡ್ಡಕ್ಕನ ಊರಿಗೆ ಹೋಗುತ್ತಾನೆ. ಒಳಗೆ ಬಾ ಎಂದು ಅವಳು ಕರೆಯುವುದಿಲ್ಲ, ಹೋಗಬೇಕೆಂದು ಅವನಿಗೂ ಅನ್ನಿಸುವುದಿಲ್ಲ. ಹಲಗೆ ಹಾಕಿ ಅವಳನ್ನು ಹತ್ತಿಸುತ್ತಾನೆ. ಅವಳು ತನ್ನ ಸೀಟಿನಲ್ಲಿ ಕೂರುತ್ತಾಳೆ. ಅವನು ನೆಲದ ಮೇಲೆ. ಬಾಗಿಲು ತೆರೆದಿರುತ್ತದೆ.

ಮೊನ್ನೆ ಹೋದಾಗ ದೊಡ್ಡಕ್ಕ ಎದುರಿನ ಸೀಟಿನ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಒತ್ತಿ, ಕೈ ತೆಗೆದಳು. ಫೋಮು ಸದ್ದಿಲ್ಲದೆ ಮೇಲೆದ್ದು ಮೊದಲಿನ ಹಾಗೇ ಆಯಿತು. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಎದ್ದಿತು.

"ಒಳ್ಳೇ ಮಾಲು ಹಾಕಿದ್ದೀಯಪ್ಪ," ಎಂದಳು. "ಒಂದು ಚೂರೂ ಕುಸಿದಿಲ್ಲ."

"ಹೂಂ ದೊಡ್ಡಕ್ಕ," ಎಂದ ಸೀಟಣ್ಣ. "ಒಳ್ಳೇದೇ ಹಾಕ್ದೆ. ಇದು ಯಾರ ಗುರುತೂ ಇಟ್ಕೊಳಲ್ಲ."

ರಸ್ತೆಯಲ್ಲಿ ಲೋಡು ತುಂಬಿದ ಲಾರಿಯೊಂದು ನಿಧಾನವಾಗಿ ಗುಡ್ಡ ಹತ್ತುತ್ತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ಸೀಟಣ್ಣ ಕತ್ತು ಚಾಚಿ ಡ್ರೈವರ್ ಕೂತಿದ್ದ ಕಡೆಗೇ ನೋಡುತ್ತಿದ್ದ.